ಎಂಜಿನ್ ಸಮ ಇತ್ತ್

ಗಂಗೊಳ್ಳಿಯ ಬಂದರು ರಸ್ತೆಯಲ್ಲಿ ಐಸ್ ಪ್ಲಾಂಟ್ ದಾಟಿ ಎಡಕ್ಕೆ ತಿರುಗಿದರೆ ಬಚ್ಚ ಮೇಸ್ತ್ರಿಯ ಶೆಡ್ಡು. ದೋಣಿಯ ಎಂಜಿನ್ ಕೆಟ್ಟವರು ಅಲ್ಲಿಗೆ ಅದನ್ನು ಹೊತ್ತುಕೊಂಡು ಹೋಗಬೇಕು, ಹೋದವರು ಬೈಸಿಕೊಂಡು ಬರಬೇಕು. ಬಚ್ಚನ ಕೈಗುಣ ಒಳ್ಳೆಯದು, ಬಾಯಿ ಮಾತ್ರ ಕೆಟ್ಟದ್ದು ಎಂದು ಊರವರು ಹೇಳುತ್ತಿದ್ದರು. ಊರವರು ಪಾಪದವರು. ಕೆಟ್ಟದ್ದು ಬಾಯಿಯಲ್ಲ, ಅದರ ಹಿಂದೆ ಕುಳಿತಿದ್ದ ಜಂಭ.

ಅವನು ಮುಂಬಯಿ ಬಂದರಿನ ಧಕ್ಕೆಯಲ್ಲಿ ಬೋಟಿನ ಎಂಜಿನ್ ಬಿಚ್ಚುವ ಕೆಲಸ ಕಲಿತು ೧೯೯೭ರಲ್ಲಿ ಊರಿಗೆ ಬಂದವನು. ಬರುವಾಗ ತಂದದ್ದು ಒಂದು ಪೆಟ್ಟಿಗೆ ಸ್ಪ್ಯಾನರು, ಬಾಯ್ತುಂಬ ಹಿಂದಿ, ಜೊತೆಗೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ತಲೆ ಇರುವವನು ತಾನೊಬ್ಬನೇ ಎಂಬ ಗಟ್ಟಿ ನಂಬಿಕೆ. ಸ್ಪ್ಯಾನರುಗಳು ಕಾಲಕ್ರಮದಲ್ಲಿ ಸವೆದವು. ನಂಬಿಕೆಗೆ ಮಾತ್ರ ಒಂದು ಗೀರೂ ಬೀಳಲಿಲ್ಲ.

ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನಿನ ಸ್ವಭಾವ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅದು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ಯಾಕೆಂದರೆ ದಿನವಿಡೀ ಪೆಟ್ರೋಲ್ ಕುಡಿಸುವ ತಾಕತ್ತು ಯಾವ ಮೀನುಗಾರನಿಗೂ ಇಲ್ಲ. ಸೀಮೆಎಣ್ಣೆಯ ಟ್ಯಾಂಕು ಬೇರೆಯೇ, ದೋಣಿಯೊಳಗೆ ಹಲಗೆಯ ಕೆಳಗೆ ಇರುತ್ತದೆ. ಅಲ್ಲಿಂದ ಎಂಜಿನ್ನಿಗೆ ಒಂದು ರಬ್ಬರ್ ಪೈಪು, ಪೈಪಿನ ನಡುವೆ ಅಮುಕಿ ಎಣ್ಣೆ ಏರಿಸಲು ಒಂದು ರಬ್ಬರ್ ಉಂಡೆ. ಇಷ್ಟೇ ಸಂಸಾರ. ಇಷ್ಟನ್ನು ಹಾಳುಮಾಡುವುದಕ್ಕೆ ಈ ಊರಿನವರು ಕಂಡುಕೊಂಡ ದಾರಿಗಳು ಎಷ್ಟು ಎಂದು ಬಚ್ಚ ಬೀಡಿ ಹಚ್ಚಿಕೊಂಡು ಕುಳಿತರೆ ಬೀಡಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಒಬ್ಬ ತಿಂಗಳುಗಟ್ಟಲೆ ಹಳೇ ಪೆಟ್ರೋಲನ್ನು ಎಂಜಿನ್ನಿನ ಹೊಟ್ಟೆಯಲ್ಲೇ ಬಿಟ್ಟು, ಅದು ಗೋಂದಾಗಿ ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಕೂತ ಮೇಲೆ ಹಗ್ಗ ಎಳೆದು ಎಳೆದು ರಟ್ಟೆ ನೋಯಿಸಿಕೊಂಡು ಬರುತ್ತಿದ್ದ. ಇನ್ನೊಬ್ಬ ಸ್ಟಾರ್ಟ್ ಆಗಲಿಲ್ಲವೆಂದು ಚೋಕ್ ಎಳೆದೇ ಇಟ್ಟು, ಪ್ಲಗ್ಗನ್ನು ಪೆಟ್ರೋಲಿನಲ್ಲಿ ಮುಳುಗಿಸಿ, ಆಮೇಲೂ ಚೋಕ್ ಎಳೆಯುತ್ತಿದ್ದ. ಮತ್ತೊಬ್ಬ ಸೀಮೆಎಣ್ಣೆಯ ಡ್ರಮ್ಮನ್ನು ಮಳೆಯಲ್ಲಿ ತೆರೆದಿಟ್ಟು, ಎಂಜಿನ್ ನೀರು ಕುಡಿದು ಕೆಮ್ಮಿದರೆ ಕಂಪನಿಯವರನ್ನು ಶಪಿಸುತ್ತಿದ್ದ. ಬಂಡೆಗೆ ಬಡಿದಾಗ ತಾನು ಮುರಿದು ಗೇರ್ ಉಳಿಸಲೆಂದೇ ನೀರಿನೊಳಗೆ ತಿರುಗುವ ಫ್ಯಾನಿಗೆ ಒಂದು ಮೆದು ಪಿನ್ನು ಹಾಕಿರುತ್ತಾರೆ. ಅದು ಮುರಿಯಿತೆಂದು ಅದರ ಜಾಗದಲ್ಲಿ ಕಬ್ಬಿಣದ ಮೊಳೆ ಬಡಿದುಕೊಂಡು ಬಂದ ಮಹಾನುಭಾವರೂ ಇದ್ದರು. ಅಂಥವನ ಎದುರು ಬಚ್ಚ ಗೇರಿನ ಚೂರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಮೊಳೆಯನ್ನು ಮಾತ್ರ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟು, ಇದು ಸಮ ಇದೆ, ಮನೆಯಲ್ಲಿ ಜೋಪಾನವಾಗಿಡು ಎಂದು ಹೇಳಿ ಕಳಿಸುತ್ತಿದ್ದ.

ಆದರೆ ಬಚ್ಚ ತಾನು ಮಾತ್ರ ದೋಣಿ ಹತ್ತುತ್ತಿರಲಿಲ್ಲ. ಎಂಜಿನ್ನನ್ನು ಶೆಡ್ಡಿನ ನೀರಿನ ಡ್ರಮ್ಮಿಗೆ ಸಿಕ್ಕಿಸಿ, ತನ್ನದೇ ಟ್ಯಾಂಕಿನ ಎಣ್ಣೆಯಲ್ಲಿ ಓಡಿಸಿ ಪರೀಕ್ಷೆ ಮಾಡುತ್ತಿದ್ದ. ಗಿರಾಕಿಗಳ ಟ್ಯಾಂಕು ಮುಟ್ಟಿದರೆ ಕೈ ಮೀನು ನಾರುತ್ತದೆ ಎನ್ನುತ್ತಿದ್ದ, ಮೀನುಗಾರರ ಮನೆಯಲ್ಲೇ ಹುಟ್ಟಿದವನು. ಒಮ್ಮೆ ಕಡಲಿಗೆ ಬಂದು ನೋಡು ಎಂದರೆ, ಡಾಕ್ಟರು ರೋಗಿಯ ಹಾಸಿಗೆಯಲ್ಲಿ ಮಲಗುತ್ತಾನಾ ಎಂದು ಕೇಳುತ್ತಿದ್ದ. ನಿಜ ಸಂಗತಿ ಅವನ ಹೆಂಡತಿ ಉಮಾವತಿಗೊಬ್ಬಳಿಗೇ ಗೊತ್ತಿತ್ತು. ದೋಣಿ ಒಂದು ಸಲ ಎದ್ದು ಬಿದ್ದರೆ ಬಚ್ಚನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಕುಂದಾಪುರಕ್ಕೆ ಹೋಗುವ ದೋಣಿಯಲ್ಲಿ ಕೂಡ ಅವನು ಕಣ್ಣು ಮುಚ್ಚಿಕೊಂಡೇ ಕೂರುವವನು. ಕಡಲಿಗೆ ಹೆದರಿ ಮುಂಬಯಿಗೆ ಓಡಿದ ಹುಡುಗ ಕಡಲಿಗೆ ಹೋಗುವವರನ್ನೆಲ್ಲ ದಡ್ಡರೆಂದು ಕರೆಯುವ ಗಂಡಸಾಗಿ ಮರಳಿ ಬಂದಿದ್ದ. ಉಮಾವತಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳು. ಎಷ್ಟೋ ಗಂಡಸರನ್ನು ಕಂಡವಳಾದ್ದರಿಂದ ಈ ಗುಟ್ಟನ್ನು ದೊಡ್ಡದು ಮಾಡಲಿಲ್ಲ.

ಬಚ್ಚನ ಶೆಡ್ಡಿನಲ್ಲಿ ವರ್ಷಕ್ಕೊಂದು ದೊಡ್ಡ ದಿನವೆಂದರೆ ಆಯುಧಪೂಜೆ. ಮೊದಲೊಂದೆರಡು ವರ್ಷ ಕೋಟದ ಕಡೆಯಿಂದ ಭಟ್ಟರು ಬರುತ್ತಿದ್ದರು. ಎಂಜಿನ್ನಿನ ಮುಖ ಯಾವುದು, ಬೆನ್ನು ಯಾವುದು ಗೊತ್ತಿಲ್ಲದವರು ಇದಕ್ಕೆ ಪೂಜೆ ಮಾಡುವುದೇನು ಎಂದು ಬಚ್ಚ ಅವರನ್ನೂ ನಿಲ್ಲಿಸಿಬಿಟ್ಟ. ತಾನೇ ಮಿಂದು, ಮಡಿ ಉಟ್ಟು, ಸಾಲಾಗಿ ನಿಲ್ಲಿಸಿದ ಎಂಜಿನ್ನುಗಳ ನೆತ್ತಿಗೆ ಗಂಧ, ಅದರ ಮೇಲೆ ಕುಂಕುಮ ಇಡುತ್ತಿದ್ದ. ದೋಣಿಯವರು ಕೈಮುಗಿದು ನಿಲ್ಲುತ್ತಿದ್ದರು. ಗಂಧ ಒಣಗಿ, ಎಂಜಿನ್ನಿನ ಅದುರಾಟಕ್ಕೆ ಎರಡೇ ದಿನದಲ್ಲಿ ಉದುರಿ ಹೋಗುತ್ತದೆಂಬುದು ಒಂದು ಕೊರತೆಯಾಗಿತ್ತು. ಬಚ್ಚ ಅದಕ್ಕೂ ಮುಂಬಯಿ ಬುದ್ಧಿ ಓಡಿಸಿದ. ಎಂಜಿನ್ನಿನ ಸಂದುಗಳಲ್ಲಿ ಎಣ್ಣೆ ಸೋರದಂತೆ ಹಚ್ಚುವ ಅಂಟು ಇರುತ್ತದಲ್ಲ, ಅದನ್ನೇ ಒಂದಿಷ್ಟು ಗಂಧಕ್ಕೆ ಕಲಸಿದ. ಮುಂದಿನ ನವಮಿಯವರೆಗೆ ಬೇಕಾದರೂ ಇರುತ್ತದೆ, ಭಟ್ಟರ ಗಂಧಕ್ಕೆ ಈ ಗ್ಯಾರಂಟಿ ಇತ್ತಾ ಎಂದು ಎಲ್ಲರ ಎದುರು ಕೊಚ್ಚಿಕೊಂಡ.

ಅದು ೨೦೦೩ನೇ ಇಸವಿಯ ಪೂಜೆ. ಆ ಸಲ ಯತೀಶ್ ಎಂಬವನು ತನ್ನ ಎಂಜಿನ್ನಿನ ಜೊತೆ ಹೊಸ ಸೀಮೆಎಣ್ಣೆ ಟ್ಯಾಂಕನ್ನೂ ತಂದಿಟ್ಟಿದ್ದ. ಯತೀಶ್ ಹಳೇ ಸೇತುವೆಯ ಬದಿಯ ಅಕ್ಕುವಿನ ಒಬ್ಬನೇ ಮಗ. ಅಪ್ಪ ಇಲ್ಲ, ದೋಣಿ ಇತ್ತು, ದಶಮಿ ಕಳೆದ ವಾರದಲ್ಲೇ ಮದುವೆ ಇತ್ತು. ಬೇರೆಯವರ ಮಸಿ ಹಿಡಿದ ಟ್ಯಾಂಕುಗಳನ್ನು ಬಚ್ಚ ಕಣ್ಣೆತ್ತಿಯೂ ನೋಡುವವನಲ್ಲ. ಈ ಕೆಂಪು ಟ್ಯಾಂಕು ಫಳಫಳ ಹೊಳೆಯುತ್ತಿದ್ದದ್ದರಿಂದ ಅದೊಂದೇ ತನ್ನ ಗಂಧಕ್ಕೆ ಯೋಗ್ಯವೆಂದು ಅವನಿಗೆ ತೋರಿತು. ಮುಚ್ಚಳದ ನಟ್ಟನಡುವೆ ದೊಡ್ಡ ಬೊಟ್ಟು ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಮದುಮಗನ ಟ್ಯಾಂಕಲ್ಲವೇ ಎಂದು ಇನ್ನೊಂದು ಸಲ ಒತ್ತಿದ.

ಮದುವೆಯಾಯಿತು. ಹುಡುಗಿ ಉಪ್ಪುಂದದವಳು, ದಿವ್ಯಾ ಎಂದು ಹೆಸರು. ಮನೆ ತುಂಬಿಸಿಕೊಂಡ ಮೂರನೆಯ ದಿನ ಯತೀಶ್ ದೋಣಿ ಇಳಿಸಿದ. ಎಂಜಿನ್ ಒಂದೇ ಎಳೆತಕ್ಕೆ ಹೊಡೆಯಿತು. ಹೊಳೆಯಲ್ಲಿ ಚೆನ್ನಾಗಿಯೇ ಓಡಿ ಅಳಿವೆಯ ಬಾಯಿಗೆ, ಅಂದರೆ ಹೊಳೆ ಕಡಲಿಗೆ ಬೀಳುವ ಜಾಗಕ್ಕೆ, ಬಂದದ್ದೇ ಗುಟುಕು ಗುಟುಕು ಮಾಡಿ ನಿಂತುಹೋಯಿತು. ಗಂಗೊಳ್ಳಿಯ ಅಳಿವೆಯಲ್ಲಿ ಎಂಜಿನ್ ನಿಲ್ಲುವುದೆಂದರೆ ತಮಾಷೆಯಲ್ಲ. ಅಲೆ ದೋಣಿಯನ್ನು ಅಡ್ಡ ಹಾಕಿದರೆ ಮತ್ತೆ ದೋಣಿಯೂ ಇಲ್ಲ, ಜನವೂ ಇಲ್ಲ. ಯತೀಶನೂ ಜೊತೆಗಿದ್ದ ಇಬ್ಬರೂ ಹುಟ್ಟು ಹಾಕಿ ಹೇಗೋ ದಡ ಸೇರಿದರು. ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದರೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಹೊಡೆಯಿತು. ಮರುದಿನ ಮತ್ತೆ ಅದೇ ಜಾಗ, ಅದೇ ಗುಟುಕು.

ಯತೀಶ್ ಎಂಜಿನ್ ಹೊತ್ತು ಶೆಡ್ಡಿಗೆ ಬಂದ. ಬಚ್ಚ ಪ್ಲಗ್ ಕಳಚಿ ಉಜ್ಜಿದ, ಕಾರ್ಬೊರೇಟರ್ ತೊಳೆದ, ಡ್ರಮ್ಮಿನಲ್ಲಿ ಸಿಕ್ಕಿಸಿ ತನ್ನ ಟ್ಯಾಂಕಿನ ಎಣ್ಣೆಯಲ್ಲಿ ಎಷ್ಟೋ ಹೊತ್ತು ಓಡಿಸಿದ. ಎಂಜಿನ್ ಎಲ್ಲಿಯೂ ಕೆಮ್ಮಲಿಲ್ಲ.

"ಎಂಜಿನ್ ಸಮ ಇತ್ತ್," ಎಂದ. "ಸಮ ಇಲ್ದೇ ಇಪ್ಪುದ್ ಹಗ್ಗ ಎಳ್ದ ಕೈ."

ಎರಡನೆಯ ಸಲವೂ ಇದೇ ಕಥೆ. ಮೂರನೆಯ ಸಲ ಬಚ್ಚ ಎಂಜಿನ್ ಬಿಚ್ಚಲೂ ಇಲ್ಲ. ಹೊಸ ಹೆಂಡತಿಯ ನೆನಪಿನಲ್ಲಿ ಚೋಕ್ ಎಳೆದು ಮರೆತಿರಬೇಕು ಎಂದು ಅಲ್ಲಿ ಕೂತವರನ್ನು ನಗಿಸಿದ. ಯತೀಶ್ ಟ್ಯಾಂಕನ್ನೂ ತರಲಾ ಎಂದು ಕೇಳಿದ್ದಕ್ಕೆ, ಬರುವಾಗ ದೋಣಿ, ಬಲೆ, ಅತ್ತೆಮನೆ ಎಲ್ಲ ತಾ ಎಂದ. ಆ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಹೋದದ್ದನ್ನು ಬಚ್ಚ ಗಮನಿಸಲಿಲ್ಲ. ಗಿರಾಕಿಗಳ ಮುಖ ಗಮನಿಸುವ ಅಭ್ಯಾಸ ಅವನಿಗಿರಲಿಲ್ಲ.

ಆದರೆ ಶೆಡ್ಡಿನಲ್ಲಿ ಹೇಳಿದ ಮಾತು ಶೆಡ್ಡಿನಲ್ಲೇ ಉಳಿಯುವುದಿಲ್ಲ. ಎಂಜಿನ್ ಸಮ ಇದೆಯೆಂದು ಬಚ್ಚನೇ ಮೂರು ಮೂರು ಸಲ ಹೇಳಿದ ಮೇಲೆ ತಪ್ಪು ಇನ್ನೆಲ್ಲೋ ಇರಬೇಕು. ಅದು ಎಲ್ಲಿದೆಯೆಂದು ಅಕ್ಕುವಿಗೆ ಹುಡುಕುವ ಕಷ್ಟವೇ ಬೀಳಲಿಲ್ಲ. ಮದುವೆಗೆ ಮುಂಚೆ ಗಂಡೆದೆಯಲ್ಲಿ ಓಡಿದ ಎಂಜಿನ್ನು ಸೊಸೆ ಹೊಸ್ತಿಲು ದಾಟಿದ ಮೇಲೆ ನಿಲ್ಲತೊಡಗಿತ್ತು. ಕಾಲ್ಗುಣ ಎಂಬ ಒಂದು ಮಾತು ನಮ್ಮ ಹೆಂಗಸರ ಬಾಯಲ್ಲಿ ಸದಾ ತಯಾರಿರುತ್ತದೆ. ಅಕ್ಕು ಅದನ್ನು ಮೊದಲು ಅಡುಗೆಮನೆಯಲ್ಲಿ ಹೇಳಿದಳು, ಆಮೇಲೆ ಅಂಗಳದಲ್ಲಿ, ಆಮೇಲೆ ಮೀನು ಮಾರ್ಕೆಟ್ಟಿನಲ್ಲಿ. ದಿವ್ಯಾ ದೋಣಿಯ ಹತ್ತಿರ ಸುಳಿಯಬಾರದೆಂದಾಯಿತು, ಯತೀಶ್ ಹೊರಡುವಾಗ ಎದುರಿಗೆ ಬರಬಾರದೆಂದಾಯಿತು. ಕಡೆಗೆ ಒಂದು ದಿನ ಅಲೆ ದೋಣಿಯನ್ನು ಅರ್ಧ ಮಗುಚಿ, ಬಲೆ ಹರಿದು ಮಗ ಒದ್ದೆಮುದ್ದೆಯಾಗಿ ಬಂದಾಗ, ಎಂಜಿನ್ ಸರಿಯಾಗುವ ತನಕ ತವರಲ್ಲೇ ಇರಲಿ ಎಂದು ಹುಡುಗಿಯನ್ನು ಉಪ್ಪುಂದದ ಬಸ್ಸಿಗೆ ಹತ್ತಿಸಿದಳು. ಸಮ ಇರುವ ಎಂಜಿನ್ನು ಸರಿಯಾಗುವುದು ಯಾವಾಗ? ಆ ಹೆಣ್ಣು ತಿರುಗಿ ಬರುವುದು ಯಾವಾಗ?

ಯತೀಶ್ ನಾಲ್ಕನೆಯ ಸಲ ಬಂದಾಗ ಕೈಯಲ್ಲಿ ಎಂಜಿನ್ ಇರಲಿಲ್ಲ. ಬಂದರಿನಲ್ಲಿ ಮೀನಿನ ಹರಾಜು ಮುಗಿದು ಜನ ಚಹಾ ಕುಡಿಯುತ್ತಿದ್ದ ಹೊತ್ತು. ಬಚ್ಚನೂ ಅಲ್ಲೇ ನಿಂತು ಯಾರದೋ ದಡ್ಡತನ ಬಣ್ಣಿಸುತ್ತಿದ್ದ. ಯತೀಶ್ ಎಲ್ಲರ ಎದುರೇ ಅವನ ಮುಂದೆ ನಿಂತ.

"ಬಚ್ಚಣ್ಣ, ನೀವ್ ಸಮ ಇತ್ತ್ ಅಂತ ಕಳ್ಸ್ತ್ರಿ. ಅಮ್ಮ ಅದ್ನೇ ಹಿಡ್ಕಂಡ್, ಹಾಂಗಾರೆ ದೋಷ ಹೆಣ್ಣಿಂದೇ ಅಂತ್ರ್. ನಂಗೆ ಎಂಜಿನ್ ಹೋರೂ ಬೇಜಾರಿಲ್ಲೆ, ಹೆಂಡ್ತಿ ಬೇಕ್. ಒಂದ್ ಸಲ ದೋಣಿಗೆ ಬನಿ. ನಿಮ್ಮ್ ಕಣ್ಣಲ್ಲೇ ಕಾಣಿ."

ಬಚ್ಚನಿಗೆ ಡಾಕ್ಟರು, ಹಾಸಿಗೆ ಎಲ್ಲ ಬಾಯಿಗೆ ಬಂತು. ಆದರೆ ಯಾರೂ ನಗುವ ಮುಖ ಮಾಡಿರಲಿಲ್ಲ. ಒಂದು ಮನೆಯ ಸೊಸೆಯ ವಿಷಯ, ಹೋಗಿ ನೋಡಿದರೆ ನಿನ್ನ ಗಂಟೇನು ಹೋಗುತ್ತದೆ ಎಂಬಂತೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೆದರಿಕೆಯೆಂದು ಹೇಳುವುದಕ್ಕಿಂತ ಸಾಯುವುದು ವಾಸಿ ಎನಿಸಿ ಬಚ್ಚ ಪಂಚೆ ಎತ್ತಿ ಕಟ್ಟಿದ. ದಡ್ಡರಿಗೆ ಒಂದು ಸಲ ತೋರಿಸಿಯೇ ಬಿಡುತ್ತೇನೆ ಎಂದು ಗಟ್ಟಿಯಾಗಿ ಹೇಳಿಕೊಂಡು ದೋಣಿ ಹತ್ತಿದ.

ಎಂಜಿನ್ ಒಂದೇ ಎಳೆತಕ್ಕೆ ಹೊಡೆಯಿತು. ಬಚ್ಚ ತಿರಸ್ಕಾರದಿಂದ ನಕ್ಕ. ಯತೀಶ್ ಸೀಮೆಎಣ್ಣೆಗೆ ತಿರುಗಿಸಿದ, ದೋಣಿ ಹೊಳೆಯ ನೀರು ಸೀಳಿಕೊಂಡು ಓಡಿತು. ಎದುರು ದಡದ ಕೋಡಿಯ ತೆಂಗುಗಳು ಹಿಂದಕ್ಕೆ ಸರಿಯುತ್ತಿದ್ದಂತೆ ಬಚ್ಚನ ಬಾಯಲ್ಲಿ ನೀರೂರತೊಡಗಿತು. ಅಳಿವೆಯ ಮೊದಲ ಅಲೆ ದೋಣಿಯ ಮೂತಿಯನ್ನು ಎತ್ತಿತು. ಎರಡನೆಯದು ಎತ್ತಿ ಹಾಕಿತು. ಅಷ್ಟರಲ್ಲೇ ಎಂಜಿನ್ ಗುಟುಕು ಗುಟುಕು ಮಾಡಿ ನಿಂತಿತು.

ಯತೀಶನೂ ಅವನ ಜೊತೆಗಾರರಿಬ್ಬರೂ ಕೂಡಲೇ ಹುಟ್ಟು ಹಿಡಿದರು. ಎಷ್ಟು ದಿನಗಳಿಂದ ಇದೇ ಕೆಲಸ ಮಾಡಿದವರೋ, ಯಾರೂ ಗಾಬರಿಯಾಗಲಿಲ್ಲ. ಬಚ್ಚ ಚೋಕ್ ಎಂದು ಬೈಯಲು ಬಾಯಿ ತೆರೆದ, ಬಾಯಿಂದ ಬಂದದ್ದು ಬೇರೆಯೇ. ಬೆಳಗಿನ ಚಹಾ, ಗೋಳಿಬಜೆ, ಆರೇಳು ವರ್ಷದ ಗತ್ತು ಎಲ್ಲ ದೋಣಿಯ ಅಂಚಿನಾಚೆ ಹೋಯಿತು. ಅಂಚು ಹಿಡಿದು ಬೋರಲು ಬಿದ್ದವನಿಗೆ ತಾನು ದಿನಾ ದಡ್ಡರೆಂದವರು ಏನು ಮಾಡುತ್ತಾರೆಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಅವರು ಅಲೆಗೆ ಮೂತಿ ಕೊಟ್ಟು ದೋಣಿಯನ್ನು ನೆಟ್ಟಗೆ ಹಿಡಿದಿದ್ದರು. ಒಬ್ಬನು ಹುಟ್ಟು ಬಿಡದೆಯೇ, ನೀರೆರಚುವ ಡಬ್ಬಿಯನ್ನು ಕಾಲಿನಿಂದ ಅವನತ್ತ ತಳ್ಳಿ, ಇದರಲ್ಲಿ ಮಾಡಿ, ಎಲ್ಲರಿಗೂ ಆಗುತ್ತದೆ ಎಂದ. ಹಾಗೆ ಹೇಳುವಾಗ ಅವನು ನಗಲೂ ಇಲ್ಲ.

ಬಚ್ಚ ಮಂಡಿಯೂರಿ ತೆವಳಿಕೊಂಡು ಎಂಜಿನ್ನಿನ ಹತ್ತಿರ ಬಂದ. ಕೈ ಹಾಕಿದ್ದು ಪೈಪಿನ ರಬ್ಬರ್ ಉಂಡೆಗೆ. ತುಂಬಿ ಗಟ್ಟಿಯಾಗಿರಬೇಕಾದ ಉಂಡೆ ಹೀರಿ ಬಿಸಾಡಿದ ಮಾವಿನ ಹಣ್ಣಿನ ಹಾಗೆ ಚಪ್ಪಟೆಯಾಗಿತ್ತು. ಎಂಜಿನ್ ಎಳೆಯುತ್ತಿದೆ, ಟ್ಯಾಂಕು ಕೊಡುತ್ತಿಲ್ಲ. ಹಲಗೆಯ ಕೆಳಗಿದ್ದ ಕೆಂಪು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು.

ಆ ಸದ್ದು ಕೇಳಿದ ಮೇಲೆ ಅವನಿಗೆ ಇನ್ನೇನೂ ನೋಡಬೇಕಾಗಿರಲಿಲ್ಲ. ಟ್ಯಾಂಕಿನ ಎಣ್ಣೆ ಇಳಿದ ಹಾಗೆ ಒಳಗೆ ಗಾಳಿ ಹೋಗಬೇಕು, ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ. ಗಾಳಿ ಹೋಗದಿದ್ದರೆ ಸ್ವಲ್ಪ ದೂರ ಎಣ್ಣೆ ಬರುತ್ತದೆ, ಆಮೇಲೆ ಟ್ಯಾಂಕು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮುಚ್ಚಳದ ಸಂದಿನಲ್ಲಿ ನಿಧಾನ ಗಾಳಿ ಸೇರಿ ಮತ್ತೆ ಸರಿಯಾಗುತ್ತದೆ. ಹೊಳೆ ಮುಗಿಯುವಷ್ಟು ಎಣ್ಣೆ ಬರುವುದು, ಅಳಿವೆಗೆ ಬಂದಾಗ ನಿಲ್ಲುವುದು, ಲೆಕ್ಕ ಸರಿಯಾಗಿತ್ತು. ಆದರೂ ಬಚ್ಚ ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ತೂತಿನ ಮೇಲೆ ಕಲ್ಲಾಗಿ ಕೂತಿತ್ತು ಗಂಧ. ಪೂಜೆಯದೆಂದು ಆ ಮನೆಯಲ್ಲಿ ಯಾರೂ ಅದನ್ನು ಉಗುರಿನಿಂದಲೂ ಮುಟ್ಟಿರಲಿಲ್ಲ. ಗಂಧದಲ್ಲಿ ಹೆಬ್ಬೆರಳಿನ ಗೆರೆಗಳು ಹಾಗೆ ಹಾಗೆಯೇ ಉಳಿದಿದ್ದವು, ಅಂಟು ಅಷ್ಟು ಒಳ್ಳೆಯದು.

ಪ್ಲಗ್ ಉಜ್ಜುವ ತಂತಿ ಸೊಂಟದಲ್ಲಿತ್ತು. ತೂತು ಚುಚ್ಚಿದ. ಉಳಿದ ಗಂಧವನ್ನು ಉಗುರಿನಿಂದ ಕೆರೆದು ಕೆರೆದು ಕಡಲಿಗೆ ಹಾಕಿದ, ಒಂದು ಚೂರೂ ಬಿಡಲಿಲ್ಲ. ಹುಟ್ಟು ಹಾಕುತ್ತಿದ್ದವರ ಬೆನ್ನು ಅವನ ಕಡೆಗಿತ್ತು. ಎಂಜಿನ್ ಹೊಡೆಯಿತು, ಅಳಿವೆ ದಾಟಿತು, ಹೊರಗಡಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿ ಮರಳಿ ಬರುವವರೆಗೂ ನಿಲ್ಲಲಿಲ್ಲ. ಏನಾಗಿತ್ತು ಎಂದು ಯತೀಶ್ ಕೇಳಿದಾಗ, ಗಾಳಿ ತೂತು ಕಟ್ಟಿತ್ತು, ಕಸ ಎಂದ. ಯತೀಶ್ ಹುಚ್ಚನಂತೆ ನಗುತ್ತ ಎರಡು ಕೈಯಲ್ಲೂ ಅವನ ಕೈ ಹಿಡಿದುಕೊಂಡ.

ದಡದಲ್ಲಿ ಜನ ಸೇರಿತ್ತು, ಅಕ್ಕುವೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ದಡ ಮುಟ್ಟಿದ ಕೂಡಲೇ ಬಚ್ಚನಿಗೆ ಹೊಟ್ಟೆಯೂ ಜಂಭವೂ ಒಟ್ಟಿಗೇ ನೆಟ್ಟಗಾದವು. ಟ್ಯಾಂಕಿನಲ್ಲಿ ಕಸ ತುಂಬಿಸಿಕೊಂಡು ಎಂಜಿನ್ನನ್ನು ದೂರಿದರೆ ಹೇಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಕ್ಕು ಪೂರ್ತಿ ಕೇಳಲೇ ಇಲ್ಲ, ಮಗನ ಕಡೆ ತಿರುಗಿದಳು.

"ಕಂಡ್ಯಾ? ಹೆಣ್ಣ್ ಹೊರಗ್ ಹೋಯ್ತ್, ಎಂಜಿನ್ ಸಮ ಆಯ್ತ್."

ಯತೀಶನ ನಗು ಅಲ್ಲೇ ಆರಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಹೌದಲ್ಲ, ಅವಳು ಹೋದ ಮೇಲೆಯೇ ಅಲ್ಲವೇ ಸರಿಯಾದದ್ದು? ಬಚ್ಚನಿಗೆ ಆ ಮೂರ್ಖತನ ಕೇಳಿ ಮೈ ಉರಿಯಿತು. ಇಷ್ಟು ದೊಡ್ಡ ದಡ್ಡತನವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅದಕ್ಕೆ ಉತ್ತರ ಅವನ ಹತ್ತಿರವೇ ಇತ್ತು, ಒಂದೇ ವಾಕ್ಯದ್ದು. ಅದನ್ನು ಹೇಳದೆ ಅವನು ಶೆಡ್ಡಿನ ದಾರಿ ಹಿಡಿದ.

ಐಸ್ ಪ್ಲಾಂಟಿನವರೆಗೆ ಹೋದ. ಊರಿನ ದಡ್ಡರನ್ನೆಲ್ಲ ಹೆಸರಿಟ್ಟು ಕರೆಯುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಈ ಒಬ್ಬ ದಡ್ಡನ ಹೆಸರು ಮಾತ್ರ ಗಂಟಲು ದಾಟುತ್ತಿರಲಿಲ್ಲ. ಗಂಧಕ್ಕೆ ಅಂಟು ಕಲಸಿದವನು, ಟ್ಯಾಂಕು ತರಲಾ ಎಂದವನನ್ನು ಗೇಲಿ ಮಾಡಿ ಕಳಿಸಿದವನು, ಗುರುತನ್ನು ಕೆರೆದು ಕಡಲಿಗೆ ಹಾಕಿದವನು. ಮೊಳೆ ಬಡಿದುಕೊಂಡು ಬಂದವನು ಇವನಿಗಿಂತ ಎಷ್ಟೋ ಮೇಲು, ಅವನು ಕೆಡಿಸಿದ್ದು ತನ್ನದೇ ಗೇರು. ಬಚ್ಚನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬೇರೆಯವರಿಗೆ ದಿನಾ ಬಡಿಸುತ್ತಿದ್ದ ಆ ಪದಾರ್ಥದ ರುಚಿ ಇಷ್ಟು ಕಹಿ ಎಂದು ಅವನಿಗೆ ಗೊತ್ತಿರಲಿಲ್ಲ.

ಶೆಡ್ಡಿನಿಂದ ಅವನು ಅಂಟಿನ ಡಬ್ಬಿ ತೆಗೆದುಕೊಂಡ, ಗಂಧದ ಬಟ್ಟಲು ತೆಗೆದುಕೊಂಡ. ನೀರಿನ ಡ್ರಮ್ಮನ್ನು ಉರುಳಿಸಿಕೊಂಡು ಅಕ್ಕುವಿನ ಅಂಗಳಕ್ಕೆ ಹೋದ. ಗುರುತು ಅಳಿಸಿಹಾಕಿದ್ದರಿಂದ ಬರೀ ಮಾತು ಯಾರೂ ನಂಬುವ ಹಾಗಿರಲಿಲ್ಲ. ಡ್ರಮ್ಮಿಗೆ ನೀರು ತುಂಬಿಸಿ, ಯತೀಶನ ಎಂಜಿನ್ ಸಿಕ್ಕಿಸಿ, ಕೆಂಪು ಟ್ಯಾಂಕಿನ ಪೈಪು ಹಾಕಿದ. ಎಂಥದೋ ಮಂತ್ರವಾದವೆಂದು ನೆರೆಹೊರೆಯವರು ಬೇಲಿಗೆ ಬಂದು ನಿಂತರು. ಬಚ್ಚ ಗಂಧಕ್ಕೆ ಅಂಟು ಕಲಸಿ, ಮುಚ್ಚಳದ ನಡುವೆ ಇಟ್ಟು ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಹಗ್ಗ ಎಳೆದ. ಎಂಜಿನ್ ಹೊಡೆಯಿತು. ಸೀಮೆಎಣ್ಣೆಗೆ ತಿರುಗಿಸಿ ಕೈಕಟ್ಟಿ ನಿಂತ. ಅಕ್ಕು ಎಲೆ ಅಡಿಕೆ ಜಗಿಯುತ್ತ ಜಗಲಿಯ ಮೇಲೆ ಕೂತಿದ್ದಳು. ಅವಳು ಇನ್ನೊಂದು ಎಲೆಗೆ ಸುಣ್ಣ ಹಚ್ಚುವ ಹೊತ್ತಿಗೆ ಎಂಜಿನ್ ಗು‌ಟುಕು ಗುಟುಕು ಮಾಡಿ ಸತ್ತಿತು. ಬಚ್ಚ ತಂತಿಯಿಂದ ತೂತು ಚುಚ್ಚಿದ, ಉಂಡೆ ಅಮುಕಿದ, ಹಗ್ಗ ಎಳೆದ. ಈ ಸಲ ಅದು ನಿಲ್ಲಲೇ ಇಲ್ಲ. ಅವನೇ ಆರಿಸಿದ.

"ದೊಡ್ಡಮ್ಮ, ತೂತ್ ಕಟ್ಟದ್ದ್ ನಾನ್. ಪೂಜಿ ದಿನ, ಇದೇ ಹೆಬ್ಬೆರ್ಳಲ್ಲಿ. ನಿಮ್ಮ್ ಸೊಸಿದ್ ಎಂತದೂ ಇಲ್ಲೆ."

ಅಕ್ಕು ಎದ್ದು ಬಂದು ಅಂಗಳದ ಮೂಲೆಗೆ ಉಗಿದಳು.

"ಊರವ್ರಿಗೆಲ್ಲ ತಲಿ ಇಲ್ಲೆ ಅಂತಿದ್ಯಲ. ನಿನ್ನ್ ತಲಿ ಎಲ್ಲಿತ್ತ್ ಆ ದಿನ?"

ಬೇಲಿಯ ಬದಿಯಲ್ಲಿ ನಗು ಎದ್ದಿತು. ವರ್ಷಗಳಿಂದ ಕೂಡಿಟ್ಟುಕೊಂಡಿದ್ದ ನಗು, ಬೇಗ ನಿಲ್ಲಲಿಲ್ಲ. ಬಚ್ಚ ತಲೆ ತಗ್ಗಿಸಿ ಡ್ರಮ್ಮಿನ ನೀರು ಚೆಲ್ಲಿದ.

ಅಲ್ಲಿಗೆ ಮುಗಿಯಿತೆಂದು ಅವನು ಎಣಿಸಿದ್ದ. ಮರುದಿನ ಯತೀಶ್ ಹೆಂಡತಿಯನ್ನು ಕರೆತರಲು ಹೊರಟವನು, ನೀವೇ ಬಂದು ಹೇಳಿದರೆ ಒಳ್ಳೆಯದು ಎಂದು ಅವನನ್ನೂ ಎಳೆದುಕೊಂಡು ಹೋದ. ಉಪ್ಪುಂದದಲ್ಲಿ ಕಡಲಿನ ಬದಿಯ ಮನೆ. ದಿವ್ಯಾ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು, ಕೆಲಸ ನಿಲ್ಲಿಸದೆಯೇ ಕೇಳಿದಳು. ಬಚ್ಚ ತೂತು, ಗಾಳಿ, ಗಂಧ, ಅಂಟು ಎಲ್ಲ ಹೇಳಿದ. ಯಾರಿಗೂ ಅಷ್ಟು ತಾಳ್ಮೆಯಿಂದ ಅವನು ಎಂದೂ ಏನನ್ನೂ ಹೇಳಿದವನಲ್ಲ. ಅವಳು ಕೊನೆಯ ಮೀನು ಮಗುಚಿ ಎದ್ದು ನಿಂತಳು.

"ತೂತ್ ಸಿಕ್ದೇ ಇದ್ದಿದ್ರೆ?"

ಬಚ್ಚನ ಬಾಯಿಗೆ ಸುಳ್ಳು ಬರಲಿಲ್ಲ. "ನಾನ್ ಸಮ ಇತ್ತ್ ಅಂತ್ಲೇ ಹೇಳ್ತಿದ್ದೆ," ಎಂದ.

"ಎಂಜಿನ್ ಸಮ ಆಯ್ತ್ ಅಂದ್ಕಂಡ್ ನಾ ಬಪ್ಪುದಲ್ಲ," ಎಂದಳು ಅವಳು ಗಂಡನ ಕಡೆ ತಿರುಗಿ. "ನಾಳೆ ಅದ್ ಮತ್ತೆ ನಿಂತ್ರೆ ನಾ ಮತ್ತೆ ಬಸ್ ಹತ್ತುದಾ? ಅತ್ತಿ ಬಂದ್ ಕರೀಲಿ."

ಇಬ್ಬರೇ ಬಸ್ಸಿನಲ್ಲಿ ಹಿಂದಿರುಗಿದರು. ಬಚ್ಚನಿಗೆ ಅವಳ ಪ್ರಶ್ನೆ ಬಿಡಲಿಲ್ಲ. ಎಂಜಿನ್ ನಿಲ್ಲುವುದಿಲ್ಲವೆಂದು ಹೇಳುವ ಮೇಸ್ತ್ರಿ ಲೋಕದಲ್ಲಿಲ್ಲ. ಅದು ನಿಂತೇ ನಿಲ್ಲುತ್ತದೆ. ಪ್ಲಗ್ಗು ಹೋಗುತ್ತದೆ, ಎಣ್ಣೆಗೆ ನೀರು ಸೇರುತ್ತದೆ, ಪಿನ್ನು ಮುರಿಯುತ್ತದೆ. ಪ್ರತಿ ಸಲವೂ ಆ ಅಂಗಳದಲ್ಲಿ ಒಂದು ಹೆಣ್ಣಿನ ಕಾಲನ್ನು ನೋಡುತ್ತಾರೆ. ತಿದ್ದಬೇಕಾದದ್ದು ಆ ಮುಚ್ಚಳವೊಂದನ್ನೇ ಆಗಿರಲಿಲ್ಲ, ಅದಕ್ಕೆ ಅವನ ಪೆಟ್ಟಿಗೆಯಲ್ಲಿ ಸ್ಪ್ಯಾನರೂ ಇರಲಿಲ್ಲ.

ಅಕ್ಕು ಸುದ್ದಿ ಕೇಳಿ ಕೆಂಡವಾದಳು. ತಾನು ಹೋಗಿ ಕರೆಯುವುದೇ, ಸೊಸೆಯ ಕಾಲಿಗೆ ಬೀಳುವುದೇ ಎಂದು ಕೇಳಿದಳು. ಬಚ್ಚ ಜಗಲಿಯ ಮೆಟ್ಟಿಲ ಮೇಲೆ ಕೂತು ಅವಳು ದಣಿಯುವವರೆಗೂ ಕೇಳಿಸಿಕೊಂಡ. ಆಮೇಲೆ ಎದ್ದು ನಿಂತ.

"ಹೋಯ್ ಕರ್ಕಂಡ್ ಬನಿ, ದೊಡ್ಡಮ್ಮ. ಇನ್ನ್ ಮೇಲೆ ಎಂಜಿನ್ ಯಾವಾಗ ನಿಂತ್ರೂ, ಎಂತಕ್ಕೆ ನಿಂತ್ರೂ, ತಪ್ಪ್ ನಂದ್. ಆ ಹೆಣ್ಣಿನ್ ಹೆಸ್ರ್ ಎತ್ತೂಕಾಗ. ಶೆಡ್ಡಿಗೆ ಬಂದ್ ನಂಗೆ ಬೈಯಿನಿ, ನಾಲ್ಕ್ ಜನ್ರ್ ಎದ್ರೇ ಬೈಯಿನಿ."

ಅಕ್ಕು ಆ ಮಾತನ್ನು ನಾಲ್ಕು ದಿನ ಮನಸ್ಸಿನಲ್ಲಿ ಹೊರಳಿಸಿದಳು. ಬಯ್ಯಲು ಸೊಸೆಗಿಂತ ಬಚ್ಚ ಎಷ್ಟೋ ರುಚಿಯಾದ ಆಸಾಮಿ ಎಂದು ಅವಳಿಗೆ ಕಂಡಿರಬೇಕು. ಐದನೆಯ ದಿನ ಹೂವು, ಎಲೆ ಅಡಿಕೆ ಹಿಡಿದು ಉಪ್ಪುಂದದ ಬಸ್ ಹತ್ತಿ, ಕರೆದು, ಸಂಜೆಗೆ ಸೊಸೆಯ ಜೊತೆ ಇಳಿದಳು.

ಎಂಜಿನ್ ಮುಂದಿನ ಮಳೆಗಾಲದಲ್ಲಿ ಎರಡು ಸಲ ನಿಂತಿತು. ಮೊದಲ ಸಲ ಸೀಮೆಎಣ್ಣೆಯಲ್ಲಿ ನೀರು, ಅದು ಯತೀಶನದೇ ಬೇಜವಾಬ್ದಾರಿ. ಎರಡನೆಯ ಸಲ ಪ್ಲಗ್ಗು. ಎರಡು ಸಲವೂ ಅಕ್ಕು ಕೊಡೆ ಹಿಡಿದುಕೊಂಡು ಮಳೆಯಲ್ಲೇ ಶೆಡ್ಡಿಗೆ ಬಂದಳು. ಗಿರಾಕಿಗಳು ಬೆಂಚಿನ ಮೇಲೆ ತುಂಬಿ ಕೂತಿದ್ದರು. ಅವಳು ಬಾಗಿಲಲ್ಲಿ ನಿಂತು ಬಚ್ಚನ ಮುಂಬಯಿಯಿಂದ ಹಿಡಿದು ಅವನ ಹೆಬ್ಬೆರಳಿನವರೆಗೆ ಒಂದನ್ನೂ ಬಿಡದೆ ಬೈದಳು. ಟ್ಯಾಂಕಿನೊಳಗಿನ ನೀರು ಯಾರದೆಂದು ಬಚ್ಚನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಗ್ಗಿ, ಹೌದು ದೊಡ್ಡಮ್ಮ ಎನ್ನುತ್ತ, ಎಣ್ಣೆ ಬಸಿಯತೊಡಗಿದ.